ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಉದ್ಯೋಗಾನುಭವವೂ

(ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿ, ಹುನ್ನೂರ)

'ಕೈ ಕೆಸರಾದರೆ ಬಾಯಿ ಮೊಸರು' ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಆದರೆ ಮಕ್ಕಳನ್ನು ಕಾಲೇಜಿಗೆ ಕಳಿಸುವ ನಮ್ಮ ಹಳ್ಳಿಯ ತಂದೆತಾಯಿಗಳು ಈ ಗಾದೆಯ ಅರ್ಧವನ್ನಷ್ಟೇ ಹಿಡಿದುಕೊಂಡಂತೆ ತೋರುತ್ತದೆ. ಮಗನ ಕೈ ಕೆಸರಾಗಬಾರದು, ಬಾಯಿಗೆ ಮಾತ್ರ ಮೊಸರು ಸಿಗಬೇಕು. ಇಲ್ಲವಾದರೆ ಅವನನ್ನು ಓದಿಸಿದ್ದಾದರೂ ಏಕೆ? ಈ ಆಸೆಯನ್ನು ನಾನು ಹಳಿಯಲಾರೆ. ತಲೆತಲಾಂತರದಿಂದ ಕೆಸರಿನಲ್ಲಿಯೇ ನಿಂತವರ ಆಸೆ ಅದು. ಆದರೂ ಕೈಗೆ ಕೆಸರು ತಾಗದೆ ಬಾರದಿರುವ ವಿದ್ಯೆಯೊಂದಿದೆ. ಅದೇ ಎಂಜಿನಿಯರಿಂಗ್ ವಿದ್ಯೆ.

ಬಿ.ಎ. ಓದುವವನಿಗೆ ಈ ವಿಷಯದ ಉಸಾಬರಿ ಏಕೆಂದು ವಾಚಕರು ಕೇಳಬಹುದು. ಕಾರಣವಿದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನನ್ನ ಹಿಂದೆಯೇ ನನ್ನ ತಮ್ಮನು ಮೆಕ್ಯಾನಿಕಲ್ ಎಂಜಿನಿಯರಿಂಗಿಗೆ ಸೇರಿದನು. ಕಳೆದ ರಜೆಯಲ್ಲಿ ಅವನು ಊರಿಗೆ ಬಂದಾಗ ಒಂದು ಸುದ್ದಿ ತಂದನು. ವಿದ್ಯಾರ್ಥಿಗಳು ರಜೆಯಲ್ಲಿ ಯಾವುದಾದರೊಂದು ಉದ್ಯಮದಲ್ಲಿ ಕೆಲವು ವಾರ ಕೆಲಸ ಕಲಿತು, ಅದಕ್ಕೆ ಪ್ರಮಾಣಪತ್ರ ತರಬೇಕಂತೆ. ಇದಕ್ಕೆ 'ಇಂಟರ್ನ್‌ಶಿಪ್' ಎಂದು ಹೆಸರು. ನಮ್ಮ ಹಿರಿಯರು 'ಉಮೇದವಾರಿ' ಎಂದು ಕರೆಯುತ್ತಿದ್ದುದೂ ಹೆಚ್ಚುಕಡಿಮೆ ಇದೇ. ಪಟ್ಟಣದ ಒಂದು ಸಂಸ್ಥೆಯು ಮೂರು ಸಾವಿರ ರೂಪಾಯಿ ತೆಗೆದುಕೊಂಡು, ಒಂದು ದಿನವೂ ಕೆಲಸಕ್ಕೆ ಕರೆಯದೆ ಅಂಥ ಪತ್ರವನ್ನು ಕೊಡುವುದೆಂದೂ, ಗೆಳೆಯರು ಅಲ್ಲಿಯೇ ತರುವವರಿದ್ದಾರೆಂದೂ ಅವನು ಹೇಳಿದನು.

ಮನೆಯಲ್ಲಿ ಓದಿದವನು ನಾನು. ಆದ್ದರಿಂದ ನನ್ನ ಅಭಿಪ್ರಾಯ ಕೇಳಿದರು. "ಕೊಟ್ಟು ಮುಗಿಸಿಬಿಡಲಿ" ಎಂದು ನಾನು ಹೇಳಿದೆನು. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ. ಕಬ್ಬಿನ ಬಿಲ್ಲಿನ ಹಣವನ್ನು ಎಣಿಸುತ್ತ ಕುಳಿತಿದ್ದ ನಮ್ಮ ತಂದೆಯವರು ಶಾಲೆಯ ಮುಖ ಕಂಡವರಲ್ಲ. ಅವರು ಒಂದೇ ಪ್ರಶ್ನೆ ಕೇಳಿದರು: "ಕಾಗದಾ ತಂದ್ರ ಇಂವಗ ಕೆಲಸಾ ಬರತೈತೇನು?" ನನ್ನಲ್ಲಿ ಉತ್ತರವಿರಲಿಲ್ಲ. ಆ ಉತ್ತರವನ್ನು ಹುಡುಕುತ್ತ ಗ್ರಂಥಾಲಯದಲ್ಲಿ ಓದಿದ್ದು, ಅನಂತರ ತಮ್ಮನಿಂದ ತಿಳಿದದ್ದು, ಇವೇ ಈ ಲೇಖನದ ಸಾಮಗ್ರಿ.

ಮೊದಲು ಒಂದು ಮಾತು. ನಮ್ಮ ದೇಶದಲ್ಲಿ ಎಂಜಿನಿಯರಿಂಗ್ ಶಿಕ್ಷಣವು ಕೆಲಸದ ಮಗ್ಗುಲಲ್ಲಿಯೇ ಹುಟ್ಟಿತು. ಗಂಗಾ ಕಾಲುವೆಯನ್ನು ತೋಡುತ್ತಿದ್ದಾಗ ಅದಕ್ಕೆ ಬೇಕಾದ ಜನರನ್ನು ತಯಾರಿಸಲೆಂದು ೧೮೪೭ರಲ್ಲಿ ರೂರ್ಕಿಯಲ್ಲಿ ಕಾಲೇಜು ಆರಂಭವಾಯಿತು. ಕಾಲುವೆಗೆ ನೀರು ಬಿಟ್ಟದ್ದು ೧೮೫೪ರಲ್ಲಿ. ಅದೇ ೧೮೫೪ರಲ್ಲಿ ಪುಣೆಯಲ್ಲಿಯೂ ಎಂಜಿನಿಯರಿಂಗ್ ವರ್ಗವೊಂದು ತೆರೆಯಿತು. ಅಂದು ಪಾಠದ ಕೋಣೆಗೂ ಕೆಲಸದ ಕಟ್ಟೆಗೂ ನಡುವೆ ಗೋಡೆ ಇರಲಿಲ್ಲ. ಕಾಲೇಜುಗಳು ಬೆಳೆದಂತೆ ಗೋಡೆಯೂ ಬೆಳೆಯಿತು.

ಪುಣೆಯ ಆ ಕಾಲೇಜಿನಲ್ಲಿ ಕಲಿತವರಲ್ಲಿ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರೂ ಒಬ್ಬರು. ನಮ್ಮಂಥ ಕಲಾ ವಿದ್ಯಾರ್ಥಿಗಳು ನೆನಪಿಡಬೇಕಾದ ಸಂಗತಿಯೆಂದರೆ, ಅವರೂ ಮೊದಲು ಬಿ.ಎ. ಪದವೀಧರರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ, ಮನೆಪಾಠ ಹೇಳಿ ತಮ್ಮ ಖರ್ಚನ್ನು ತೂಗಿಸುತ್ತ, ೧೮೮೧ರಲ್ಲಿ ಬಿ.ಎ. ಮುಗಿಸಿದರು. ಆಮೇಲೆ ಮೈಸೂರು ಸರಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ಹೋಗಿ, ೧೮೮೩ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾದರು. ೧೮೮೪ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆ ಸೇರಿದರು.

ಪರೀಕ್ಷೆಯಲ್ಲಿ ಮೊದಲಿಗರಾದರೂ ಕೆಲಸವು ಅವರಿಗೆ ಕಟ್ಟೆಯ ಮೇಲೆಯೇ ಬಂದಿತು. ಖಾನದೇಶದಲ್ಲಿ ಪಾಂಝರಾ ನದಿಯ ಕವಲಿಗೆ ಅಡ್ಡಲಾಗಿ ಕೊಳವೆಯ ಸೈಫನ್ ಒಂದನ್ನು ಕಟ್ಟುವುದು ಅವರ ಪಾಲಿಗೆ ಬಂದ ಮೊದಮೊದಲ ಹೊಣೆಗಳಲ್ಲಿ ಒಂದು. ಮಳೆ ಹಿಡಿಯಿತು, ಹೊಳೆ ಬಂದು ಕೆಲಸ ಕೆಡತೊಡಗಿತು. ಮಳೆಗಾಲ ಕಳೆಯಲೆಂದು ತರುಣ ಎಂಜಿನಿಯರರು ಮೇಲಧಿಕಾರಿಗೆ ಬರೆದರು. ಮೇಲಧಿಕಾರಿಗೆ ಅದು ಮೆಚ್ಚುಗೆಯಾಗಲಿಲ್ಲ. ಅವರು ಮರಳಿ ಹೋಗಿ ಕೆಲಸವನ್ನು ಮುಗಿಸಿದರು. ನೀರು ಎಷ್ಟು ವೇಗದಿಂದ ಹರಿಯುವುದೆಂಬ ಸೂತ್ರವು ಪುಸ್ತಕದಲ್ಲಿತ್ತು. ಆದರೆ ಹೊಳೆ ಬಂದಾಗ ಕೂಲಿಕಾರರನ್ನು ಹೇಗೆ ನಿಲ್ಲಿಸಿಕೊಳ್ಳಬೇಕು, ಯಾವ ದಿನ ಕೈಹಾಕಬೇಕು, ಯಾವ ದಿನ ತಡೆಯಬೇಕು ಎಂಬುದು ಪುಸ್ತಕದಲ್ಲಿರಲಿಲ್ಲ. ೧೯೦೩ರ ಹೊತ್ತಿಗೆ ಖಡಕವಾಸಲಾ ಕೆರೆಗೆ ತಮ್ಮಷ್ಟಕ್ಕೆ ತೆರೆದು ಮುಚ್ಚುವ ಬಾಗಿಲುಗಳನ್ನು ಕೂಡಿಸಿದಾಗ ಅವರ ಬೆನ್ನಿಗೆ ಸುಮಾರು ಇಪ್ಪತ್ತು ವರ್ಷಗಳ ಇಂಥ ಅನುಭವವಿತ್ತು. ನಾವು ಪ್ರತಿ ಸೆಪ್ಟೆಂಬರ ೧೫ರಂದು ಎಂಜಿನಿಯರರ ದಿನವನ್ನು ಆಚರಿಸುತ್ತೇವೆ. ಹಾರ ಹಾಕುವಾಗ ಪಾಂಝರಾ ನದಿಯನ್ನು ಮಾತ್ರ ಮರೆಯುತ್ತೇವೆ.

ಪದವಿಯಾದ ಬಳಿಕ ಕಲಿಯುವುದನ್ನು ಪದವಿಗೆ ಮೊದಲೇ ಕಲಿಯಬಾರದೇಕೆ? ಈ ಪ್ರಶ್ನೆಯನ್ನು ಅಮೇರಿಕೆಯ ಹರ್ಮನ್ ಷ್ನೈಡರ್ ಎಂಬ ಪ್ರಾಧ್ಯಾಪಕರು ಕೇಳಿಕೊಂಡರು. ೧೯೦೬ರಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ೨೭ ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು, ಒಂದು ವಾರ ತರಗತಿ, ಮರುವಾರ ಕಾರಖಾನೆ ಎಂಬ ಪದ್ಧತಿಯನ್ನು ಅವರು ಹೂಡಿದರು. ಅರ್ಧ ಜನ ಪಾಠದಲ್ಲಿದ್ದಾಗ ಉಳಿದರ್ಧ ಜನ ಯಂತ್ರದ ಮುಂದಿರುವರು. ಕೆಲಸಕ್ಕೆ ಕೂಲಿಯೂ ಸಿಗುವುದು. ಆ ಪದ್ಧತಿ ಇಂದು ಎಷ್ಟೋ ದೇಶಗಳಲ್ಲಿ ಬೇರುಬಿಟ್ಟಿದೆ.

ನಮ್ಮಲ್ಲಿಯೂ ಕಾನೂನು ಇಲ್ಲದಿಲ್ಲ. ೧೯೬೧ರ ಅಪ್ರೆಂಟಿಸ್ ಕಾಯಿದೆಯು ಮೊದಲು ಕುಶಲ ಕೆಲಸಗಾರರಿಗಾಗಿ ಬಂದಿತು; ೧೯೭೩ರ ತಿದ್ದುಪಡಿಯಿಂದ ಎಂಜಿನಿಯರಿಂಗ್ ಪದವೀಧರರೂ ಡಿಪ್ಲೊಮಾದವರೂ ಅದರೊಳಗೆ ಸೇರಿದರು. ೨೦೧೯ರ ನಿಯಮಗಳ ಪ್ರಕಾರ ೩೦ ಅಥವಾ ಹೆಚ್ಚು ಜನರು ದುಡಿಯುವ ಸಂಸ್ಥೆಯು ತನ್ನ ಬಲದ ಶೇಕಡಾ ೨.೫ರಿಂದ ೧೫ರವರೆಗೆ ಅಪ್ರೆಂಟಿಸರನ್ನು ತೆಗೆದುಕೊಳ್ಳಬೇಕು. ಪದವೀಧರನಿಗೆ ತಿಂಗಳಿಗೆ ಕನಿಷ್ಠ ೯೦೦೦ ರೂಪಾಯಿ ಎಂದು ಅದೇ ವರ್ಷ ಗೊತ್ತುಪಡಿಸಲಾಯಿತು. ಇದು ಪದವಿಯ ನಂತರದ ಮಾತು. ಪದವಿಯ ನಡುವೆಯೇ ರಜೆಗಳಲ್ಲಿ ಇಂಟರ್ನ್‌ಶಿಪ್ ಇರಬೇಕೆಂಬುದನ್ನು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ೨೦೧೮ರ ಮಾದರಿ ಪಠ್ಯಕ್ರಮದಲ್ಲಿ ಸೇರಿಸಿತು.

ಇವೆರಡರ ಭೇದವನ್ನು ವಿದ್ಯಾರ್ಥಿಗಳು ಚೆನ್ನಾಗಿ ತಿಳಿದುಕೊಳ್ಳಬೇಕು. ಇಂಟರ್ನ್‌ಶಿಪ್ ಎಂಬುದು ಓದಿನ ಒಂದು ಭಾಗ, ಕೆಲವು ವಾರಗಳದು, ಸಂಬಳ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಅಪ್ರೆಂಟಿಸಗಿರಿ ಎಂಬುದು ಕಾಯಿದೆಯ ಕರಾರು, ಪದವೀಧರನಿಗೆ ಸಾಮಾನ್ಯವಾಗಿ ಒಂದು ವರ್ಷದ್ದು, ಭತ್ಯೆ ಉಂಟು. ಆದರೆ ಅವಧಿ ಮುಗಿದ ಮೇಲೆ ಅಲ್ಲಿಯೇ ನೌಕರಿ ಸಿಗುವುದೆಂಬ ಭರವಸೆಯನ್ನು ಕಾಯಿದೆಯು ಕೊಡುವುದಿಲ್ಲ. ಇದನ್ನು ಅರಿಯದೆ ಎಷ್ಟೋ ಜನ ತರುಣರು ವರ್ಷದ ಕೊನೆಗೆ ನಿರಾಶರಾಗುತ್ತಾರೆ.

ಇನ್ನು ನಮ್ಮ ನಾಡಿನ ಮಾತಿಗೆ ಬರೋಣ. ಹಿಂದೆ ಈ ಭಾಗದ ಹುಡುಗನು ಎಂಜಿನಿಯರನಾಗಬೇಕಾದರೆ ಪುಣೆಯ ದಾರಿ ಹಿಡಿಯಬೇಕಿತ್ತು. ೧೯೪೭ರಲ್ಲಿ ಹುಬ್ಬಳ್ಳಿಯ ಭೂಮರಡ್ಡಿ ಕಾಲೇಜು, ೧೯೬೩ರಲ್ಲಿ ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಬಂದವು. ೧೯೯೮ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯನವರ ಹೆಸರಿನ ತಾಂತ್ರಿಕ ವಿಶ್ವವಿದ್ಯಾಲಯವೇ ಸ್ಥಾಪನೆಯಾಯಿತು. ವಿದ್ಯೆ ಮನೆಬಾಗಿಲಿಗೆ ಬಂದಿತು. ಆದರೆ ಅನುಭವಕ್ಕಾಗಿ ಮಾತ್ರ ಬೆಂಗಳೂರಿಗೇ ಹೋಗಬೇಕೆಂಬ ಭ್ರಮೆ ನಮ್ಮನ್ನು ಬಿಟ್ಟಿಲ್ಲ. ಬೆಂಗಳೂರಿನಲ್ಲಿ ತಿಂಗಳೊಪ್ಪತ್ತು ಇರುವ ಖರ್ಚನ್ನು ರೈತನ ಮಗನು ಎಲ್ಲಿಂದ ತರಬೇಕು? ತರಲಾರದವನು ಪ್ರಮಾಣಪತ್ರವನ್ನು ಕೊಳ್ಳುತ್ತಾನೆ. ಕೇಡಿನ ಬೇರು ಇಲ್ಲಿದೆ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯನ್ನೊಮ್ಮೆ ಕಣ್ಣು ತೆರೆದು ನೋಡಿರಿ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರು ತಾವೇ ಹಣ ಕೂಡಿಸಿ, ತಾವೇ ದುಡಿದು, ೧೯೮೯ರಲ್ಲಿ ಕೃಷ್ಣೆಗೆ ಬ್ಯಾರೇಜ ಕಟ್ಟಿದರು. ಇದರ ಮುಂದಾಳಾಗಿದ್ದ ಸಿದ್ದು ನ್ಯಾಮಗೌಡರನ್ನು ಜನ 'ಬ್ಯಾರೇಜ ಸಿದ್ದು' ಎಂದೇ ಕರೆದರು. ಕಟ್ಟೆಗೆ 'ಶ್ರಮಬಿಂದು ಸಾಗರ' ಎಂಬ ಹೆಸರಾಯಿತು. ಸಿವಿಲ್ ವಿದ್ಯಾರ್ಥಿಗೆ ಅಲ್ಲಿ ಒಂದು ದಿನ ನಿಂತು ನೋಡುವುದೇ ಒಂದು ಪಾಠ. ಹಿಪ್ಪರಗಿಯ ಬ್ಯಾರೇಜು ದೂರವಿಲ್ಲ. ಆಲಮಟ್ಟಿಯ ಅಣೆಕಟ್ಟಿಗೆ ೧೯೬೪ರಲ್ಲಿ ಲಾಲ್ ಬಹಾದೂರ ಶಾಸ್ತ್ರಿಯವರು ಅಡಿಗಲ್ಲಿಟ್ಟರು. ಅದು ಲೋಕಾರ್ಪಣೆಯಾದದ್ದು ೨೦೦೬ರಲ್ಲಿ, ರಾಷ್ಟ್ರಪತಿ ಅಬ್ದುಲ್ ಕಲಾಂ ಅವರಿಂದ. ನಲವತ್ತೆರಡು ವರ್ಷಗಳು! ಅಡಿಗಲ್ಲಿನ ದಿನ ಕೆಲಸಕ್ಕೆ ಸೇರಿದ ತರುಣನೊಬ್ಬನು ಲೋಕಾರ್ಪಣೆಗೆ ಮುನ್ನವೇ ನಿವೃತ್ತನಾಗಿರಬೇಕು. ಎಂಜಿನಿಯರನ ಬಾಳಿನ ಯೋಜನೆಯೆಂದರೆ ಮೊದಲ ನೌಕರಿಯಷ್ಟೇ ಅಲ್ಲವೆಂಬುದನ್ನು ಇದಕ್ಕಿಂತ ಚೆನ್ನಾಗಿ ಯಾರು ಹೇಳಬಲ್ಲರು? ರಬಕವಿ-ಬನಹಟ್ಟಿಯಲ್ಲಿ ಮಗ್ಗಗಳಿವೆ. ಎಲ್ಲಕ್ಕೂ ಮಿಗಿಲಾಗಿ, ಈ ಸೀಮೆಯ ತುಂಬ ಸಕ್ಕರೆ ಕಾರಖಾನೆಗಳಿವೆ.

ಸಕ್ಕರೆ ಕಾರಖಾನೆಯ ಒಂದು ವಿಶೇಷವನ್ನು ಇಲ್ಲಿ ಹೇಳಬೇಕು. ಕಬ್ಬು ನುರಿಸುವ ಹಂಗಾಮು ದೀಪಾವಳಿಯ ಆಸುಪಾಸಿಗೆ ಆರಂಭವಾಗಿ ಬೇಸಿಗೆಯ ಹೊತ್ತಿಗೆ ಮುಗಿಯುತ್ತದೆ. ಹಂಗಾಮಿನಲ್ಲಿ ಯಂತ್ರಗಳು ಹಗಲಿರುಳು ತಿರುಗುತ್ತವೆ. ಆಗ ಹೊಸಬನಿಗೆ ಯಾರೂ ಏನನ್ನೂ ತೋರಿಸಲಾರರು. ಹಂಗಾಮು ಮುಗಿದ ಮೇಲೆ ಎಲ್ಲವನ್ನೂ ಬಿಚ್ಚುತ್ತಾರೆ. ಗಾಣದ ಉರುಳೆಗಳನ್ನು ಹೊರತೆಗೆದು ಸವೆದ ಹಲ್ಲುಗಳನ್ನು ಸರಿಪಡಿಸುತ್ತಾರೆ. ಹಾಲು ಕುದಿಸುವ ಪಾತ್ರೆಗಳ ಕೊಳವೆಗಳೊಳಗೆ ಕಟ್ಟಿದ ಗಸಿಯನ್ನು ಕೆರೆಯುತ್ತಾರೆ. ಬಾಯ್ಲರಿನ ಕೊಳವೆಗಳನ್ನು ಒಂದೊಂದಾಗಿ ನೋಡಿ, ನೀರಿನ ಒತ್ತಡ ಕೊಟ್ಟು ಪರೀಕ್ಷಿಸುತ್ತಾರೆ. ಯಂತ್ರದ ಹೊಟ್ಟೆಯೊಳಗನ್ನು ಕಾಣಬೇಕಾದರೆ ಇದೇ ಸಮಯ. ಕಾಲೇಜಿಗೆ ಬೇಸಿಗೆಯ ರಜೆ ಬರುವುದೂ ಇದೇ ಸಮಯಕ್ಕೆ!

ನಮ್ಮ ತಮ್ಮನು ಮೂರು ಸಾವಿರವನ್ನು ಉಳಿಸಿ, ತನ್ನ ಪ್ರಾಚಾರ್ಯರಿಂದ ಪತ್ರವೊಂದನ್ನು ಪಡೆದು, ಇಂಥ ಕಾರಖಾನೆಗಳಿಗೆ ಅರ್ಜಿ ಕೊಟ್ಟನು. ಎರಡು ಕಡೆ ಉತ್ತರವೇ ಬರಲಿಲ್ಲ. ಮೂರನೆಯ ಕಡೆ ಒಪ್ಪಿದರು. ನಾಲ್ಕು ವಾರ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆ ಎಣ್ಣೆಯ ಬಟ್ಟೆಯಲ್ಲಿ ಬಂದನು. ಮೊದಲ ವಾರ ಅವನಿಗೆ ಕೊಟ್ಟ ಕೆಲಸ, ಬಿಚ್ಚಿದ ಬೋಲ್ಟುಗಳನ್ನು ತೊಳೆದು ಅಳತೆಯಂತೆ ವಿಂಗಡಿಸುವುದು. ಅವನಿಗೆ ಅವಮಾನವೆನಿಸಿತು. ಆದರೆ ಅಲ್ಲಿಯ ಹಿರಿಯ ಫಿಟ್ಟರರೊಬ್ಬರು, ಬೇರಿಂಗು ಕೆಡುವ ಮುನ್ನ ಅದರ ದನಿ ಹೇಗೆ ಬದಲಾಗುತ್ತದೆ, ಮುಟ್ಟಿದರೆ ಬಿಸಿ ಹೇಗೆ ತಿಳಿಯುತ್ತದೆ ಎಂಬುದನ್ನು ಅವನಿಗೆ ಹೇಳಿಕೊಟ್ಟರು. ಒಂದು ರಾತ್ರಿ ಊಟಕ್ಕೆ ಕುಳಿತಾಗ ಅವನು ಅದನ್ನೆಲ್ಲ ತಂದೆಯವರಿಗೆ ವಿವರಿಸಿದನು. ಅವರು ಕೇಳಿ, "ನಮ್ಮ ಬಾಂವಿ ಪಂಪಿನ ದನಿನೂ ಹಂಗ ಆಗೇದ, ನಾಳೆ ನೋಡು" ಎಂದರು. ತಂದೆಯೂ ಮಗನೂ ವಿದ್ಯೆಯ ವಿಷಯವಾಗಿ ಸರಿಸಮನಾಗಿ ಮಾತನಾಡಿದ್ದನ್ನು ನಾನು ಅಂದೇ ಮೊದಲು ಕಂಡೆ.

ಈ ಅನುಭವದಿಂದಲೂ ಓದಿನಿಂದಲೂ ಎಂಜಿನಿಯರಿಂಗ್ ವಿದ್ಯಾರ್ಥಿಮಿತ್ರರಿಗೆ ಕೆಲವು ಸೂಚನೆಗಳನ್ನು ಹೇಳಬಯಸುತ್ತೇನೆ. ಮೊದಲನೆಯದಾಗಿ, ಕೊನೆಯ ವರ್ಷದವರೆಗೆ ಕಾಯಬೇಡಿರಿ. ಮೊದಲ ರಜೆಯಿಂದಲೇ ಆರಂಭಿಸಿರಿ. ಮೊದಲ ವರ್ಷ ನೋಡುವುದಕ್ಕೆ, ಎರಡನೆಯ ವರ್ಷ ಕೈಯಾಡಿಸುವುದಕ್ಕೆ, ಮೂರನೆಯ ವರ್ಷ ಒಂದು ಸಣ್ಣ ಹೊಣೆ ಹೊರುವುದಕ್ಕೆ ಎಂದು ಹಂಚಿಕೊಂಡರೆ ನಾಲ್ಕನೆಯ ವರ್ಷದ ಪ್ರಾಜೆಕ್ಟು ತಾನಾಗಿಯೇ ಹೊಳೆಯುವುದು. ಎರಡನೆಯದಾಗಿ, ಹಂಗಾಮು ಮುಗಿಯುವ ಒಂದೆರಡು ತಿಂಗಳು ಮೊದಲೇ ಅರ್ಜಿ ಬರೆಯಿರಿ, ಒಂದಕ್ಕಲ್ಲ, ಹತ್ತಕ್ಕೆ. ಮೂರನೆಯದಾಗಿ, ದಿನವೂ ಒಂದು ವಹಿಯಲ್ಲಿ ಇಂದು ಏನು ನೋಡಿದೆ, ಏನು ತಿಳಿಯಲಿಲ್ಲ, ಯಾರನ್ನು ಕೇಳಬೇಕು ಎಂದು ಬರೆದಿಡಿರಿ. ಸಂದರ್ಶನದಲ್ಲಿ ಪ್ರಮಾಣಪತ್ರವು ಮಾತನಾಡುವುದಿಲ್ಲ. ಆ ವಹಿಯಲ್ಲಿ ಬರೆದದ್ದೇ ಮಾತನಾಡುವುದು. ನಾಲ್ಕನೆಯದಾಗಿ, ಫಿಟ್ಟರ, ವೆಲ್ಡರರನ್ನು ಗುರುಗಳೆಂದು ಕಾಣಿರಿ. ಐದನೆಯದಾಗಿ, ತಲೆಗೆ ಶಿರಸ್ತ್ರಾಣ, ಕಾಲಿಗೆ ಗಟ್ಟಿ ಬೂಟು ಇಲ್ಲದೆ ಯಂತ್ರದ ಹತ್ತಿರ ಹೋಗಬೇಡಿರಿ, ಅನುಭವಕ್ಕಾಗಿ ಅಂಗಹೀನರಾಗಬೇಕಿಲ್ಲ.

ಮುಂದಿನ ದಾರಿಯನ್ನು ಈ ಅನುಭವದ ಮೇಲೆಯೇ ಆರಿಸಿಕೊಳ್ಳಬೇಕು. ಯಂತ್ರದ ಮುಂದೆ ನಿಂತಾಗ 'ಇದು ಹೀಗೇಕೆ?' ಎಂಬ ಪ್ರಶ್ನೆ ಬಿಡದೆ ಕಾಡಿದವನು ಗೇಟ್ ಪರೀಕ್ಷೆ ಬರೆದು ಮೇಲಿನ ಓದಿಗೆ ಹೋಗಲಿ. ಜನರನ್ನು ಕೂಡಿಸಿ ಕೆಲಸ ಮಾಡಿಸುವುದು ಹಿಡಿಸಿದವನು ಸರಕಾರದ ಇಲಾಖೆಗಳ ಪರೀಕ್ಷೆಗೆ ಸಿದ್ಧನಾಗಲಿ. ಕೈಕೆಲಸದಲ್ಲಿಯೇ ಮನಸ್ಸು ನೆಟ್ಟವನು ಒಂದು ವರ್ಷದ ಅಪ್ರೆಂಟಿಸಗಿರಿಯಿಂದ ಆರಂಭಿಸಲಿ. ಯಾವುದೂ ಹಿಡಿಸಲಿಲ್ಲವೆಂದು ಎರಡನೆಯ ವರ್ಷದಲ್ಲಿಯೇ ತಿಳಿದರೆ ಅದೂ ಲಾಭವೇ. ತಂದೆಯ ಹೊಲದ ಮೇಲಿನ ಸಾಲ ಬೆಳೆದ ಮೇಲೆ ತಿಳಿಯುವುದಕ್ಕಿಂತ ಲೇಸು.

ಕಲಾ ವಿಭಾಗದ ಗೆಳೆಯರು ಇದು ತಮಗೆ ಸಂಬಂಧಿಸಿದ್ದಲ್ಲವೆಂದು ಪುಟ ತಿರುವಬಾರದು. ೨೦೧೪ರ ತಿದ್ದುಪಡಿಯಿಂದ ಎಂಜಿನಿಯರಿಂಗ್ ಅಲ್ಲದ ಪದವೀಧರರಿಗೂ ಅಪ್ರೆಂಟಿಸ್ ಕಾಯಿದೆಯ ಬಾಗಿಲು ತೆರೆದಿದೆ. ನಾನು ಮೂರು ವರ್ಷ ಅರ್ಥಶಾಸ್ತ್ರ ಓದಿದೆನು. ಆದರೆ ನಮ್ಮೂರ ಸಹಕಾರಿ ಸಂಘದ ಲೆಕ್ಕದ ಪುಸ್ತಕವನ್ನು ಒಮ್ಮೆಯೂ ತೆರೆದು ನೋಡಲಿಲ್ಲ. ತಮ್ಮನಿಗೆ ಕಾಗದ ಕೊಳ್ಳೆಂದು ಹೇಳಿದ ನನಗೂ ತಂದೆಯವರ ಪ್ರಶ್ನೆ ಅಷ್ಟೇ ಸಲ್ಲುತ್ತದೆ. ಪರೀಕ್ಷೆ ಮುಗಿದ ಮರುವಾರ ಆ ಸಂಘದ ಕಾರ್ಯದರ್ಶಿಗಳಲ್ಲಿ ಹೋಗಿ, ಸಂಬಳವಿಲ್ಲದೆ ಎರಡು ತಿಂಗಳು ಲೆಕ್ಕ ಬರೆಯುವ ಉಮೇದವಾರಿಯನ್ನು ಕೇಳಬೇಕೆಂದು ನಿಶ್ಚಯಿಸಿದ್ದೇನೆ. ಪದವಿಯು ಬರುವ ವರ್ಷ ಅಂಚೆಯಲ್ಲಿ ಬರಲಿ. ಕೆಲಸ ಅದಕ್ಕೆ ಮುಂಚೆಯೇ ಬರಲಿ.