ಬೆರಳುಗಳಿಗೆ ಮತ್ತೊಮ್ಮೆ ಎ, ಎಸ್, ಡಿ, ಎಫ್

ಮುಂಬಯಿ: ಇಲ್ಲಿನ ಕನ್ನಡಿಗರಿಗೂ ಟೈಪಿಂಗಿಗೂ ಇರುವ ನಂಟು ಇಂದು ನಿನ್ನೆಯದಲ್ಲ. ಹಗಲು ಹೊಟೇಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ನಡುವೆ ಬಿಡುವು ಮಾಡಿಕೊಂಡು ಟೈಪಿಂಗ್ ಕ್ಲಾಸಿಗೂ ಹೋಗಿ ಕಚೇರಿ ಸೇರಿದವರು ಸಂಘ-ಸಂಸ್ಥೆಗಳಲ್ಲಿ ಇಂದಿಗೂ ಇದ್ದಾರೆ. ಅವರ ನಂತರ ಬಂದವರು ನೇರವಾಗಿ ಕಂಪ್ಯೂಟರಿನ ಮುಂದೆ ಕುಳಿತವರು. ಹೆಚ್ಚಿನವರದು ಎರಡೇ ಬೆರಳಿನ ವಿದ್ಯೆ.

ಆಮಂತ್ರಣ, ಸಭೆಯ ನಡಾವಳಿ, ಸ್ಮರಣ ಸಂಚಿಕೆಯ ಲೇಖನಗಳು, ಪತ್ರಿಕೆಗೆ ವರದಿ ಎಂದು ಸಂಘದ ಟೈಪಿಂಗೆಲ್ಲ ಸಾಮಾನ್ಯವಾಗಿ ಒಬ್ಬರ ಮೇಲೆಯೇ ಬೀಳುತ್ತದೆ. ವಾರ್ಷಿಕೋತ್ಸವ ಮುಗಿಯುವ ಹೊತ್ತಿಗೆ ಅವರಿಗೆ ಮಣಿಕಟ್ಟು ನೋವು. ಆಗ ಮನೆಯ ಮಕ್ಕಳು ತಂದುಕೊಡುವುದು ಎರ್ಗೊನಾಮಿಕ್ ಕೀಬೋರ್ಡ್. ನಡುವೆ ಸೀಳಿ ಎರಡು ಭಾಗವಾದ, ಸ್ವಲ್ಪ ಉಬ್ಬಿದ ಈ ಬಗೆಯನ್ನು ಮೈಕ್ರೋಸಾಫ್ಟ್ 1994ರಲ್ಲಿ ಮಾರುಕಟ್ಟೆಗೆ ತಂದ ಮೇಲೆ ಇದು ಜನರಿಗೆ ಹೆಚ್ಚು ಪರಿಚಯವಾಯಿತು. ನೇರ ಕೀಬೋರ್ಡಿನಲ್ಲಿ ಕೈಗಳೆರಡೂ ಒಂದೆಡೆ ಸೇರುವುದರಿಂದ ಮಣಿಕಟ್ಟು ಕಿರುಬೆರಳಿನತ್ತ ತಿರುಚಿಕೊಳ್ಳುತ್ತದೆ. ಸೀಳಿದ ಕೀಬೋರ್ಡಿನಲ್ಲಿ ಆ ತಿರುಚು ಕಡಿಮೆ.

ಆದರೆ ಅದನ್ನು ಮೇಜಿನ ಮೇಲಿಟ್ಟ ಮಾತ್ರಕ್ಕೆ ಆಗುವುದಿಲ್ಲ. ಮೊದಲ ದಿನವೇ ಗುಟ್ಟು ರಟ್ಟಾಗುತ್ತದೆ! 'ಬಿ' ಅಕ್ಷರವನ್ನು ಬಲಗೈಯಿಂದ ಒತ್ತುವ ರೂಢಿಯವರಿಗೆ ಅದು ಆಚೆ ದಡದಲ್ಲಿ ಕಾಣುತ್ತದೆ. ನಿಯಮದಂತೆ 'ಬಿ' ಎಡ ತೋರುಬೆರಳಿನದು, 'ವೈ' ಬಲ ತೋರುಬೆರಳಿನದು. ಕ್ಲಾಸಿನಲ್ಲಿ ಕಲಿತ ಹಳಬರೂ ಒಂದು ಕಡೆ ಎಡವುತ್ತಾರೆ. ಕೆಲವು ಕೀಬೋರ್ಡುಗಳಲ್ಲಿ 6 ಎಡಭಾಗಕ್ಕೆ ಹೋಗಿರುತ್ತದೆ. ಟೈಪ್‌ರೈಟರ್ ಕಾಲದಂತೆ ಗುದ್ದುವ ಅಭ್ಯಾಸವನ್ನೂ ಅವರು ಬಿಡಬೇಕು. ಇಲ್ಲಿ ಮೆಲ್ಲನೆ ಒತ್ತಿದರೆ ಸಾಕು.

ಕನ್ನಡ ಬರೆಯುವವರಿಗಂತೂ ಬೆರಳಿನ ಶಿಸ್ತು ಇನ್ನೂ ಮುಖ್ಯ. ಮಂಗಳೂರು ಸಮೀಪದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ರೂಪಿಸಿದ, 'ನುಡಿ' ತಂತ್ರಾಂಶದಲ್ಲಿ ಬಳಕೆಯಾಗುವ ವಿನ್ಯಾಸದಲ್ಲಿ ಒತ್ತಕ್ಷರ ಬರಬೇಕಾದರೆ 'ಎಫ್' ಒತ್ತಬೇಕು. 'ಅಕ್ಕ' ಎನ್ನಲು ಎ, ಕೆ, ಎಫ್, ಕೆ. ಒತ್ತಿಲ್ಲದ ಕನ್ನಡ ವಾಕ್ಯ ಎಲ್ಲಿದೆ? ಎಡ ತೋರುಬೆರಳಿನ ಮನೆಯೇ ಈ 'ಎಫ್'. ಕಣ್ಣು ಹಾಕದೆ ತಿಳಿಯಲೆಂದು ಅದರ ಮೇಲೂ 'ಜೆ' ಮೇಲೂ ಸಣ್ಣ ಉಬ್ಬುಗೆರೆ ಇರುತ್ತದೆ. ಬೆರಳು ಅಲ್ಲಿ ನೆಲೆ ನಿಂತರೆ ಅರ್ಧ ಕೆಲಸ ಹಗುರ.

ಇನ್ನರ್ಧ ಶಿಫ್ಟ್ ಕೀಲಿಯದು. ದೀರ್ಘ, ಮಹಾಪ್ರಾಣ, 'ಳ', 'ಣ' ಎಲ್ಲಕ್ಕೂ ಅದು ಬೇಕು. ಅಕ್ಷರ ಒತ್ತುವ ಕೈಯ ಎದುರು ಕೈಯ ಕಿರುಬೆರಳಿನಿಂದ ಶಿಫ್ಟ್ ಹಿಡಿಯಬೇಕೆಂಬುದು ಕ್ರಮ. 'ಮಾ' ಬರೆಯಲು ದೀರ್ಘದ 'ಎ' ಎಡಗೈಯಲ್ಲಿ, ಶಿಫ್ಟ್ ಬಲಗೈಯಲ್ಲಿ. 'ಖ' ಬರೆಯುವಾಗ ಇದೇ ತಿರುಗುಮುರುಗು. ಎರಡನ್ನೂ ಎಡಗೈಯೊಂದರಿಂದಲೇ ಮಾಡಹೊರಟು ಬೆರಳು ಹಿಗ್ಗಿಸಿಕೊಳ್ಳುವವರೇ ಹೆಚ್ಚು. ನೋವಿಗೆ ಬರಿಯ ಕೀಬೋರ್ಡನ್ನು ದೂರಿ ಫಲವಿಲ್ಲ.

ಮೊದಲ ಕೆಲವು ವಾರ ವೇಗ ಇಳಿಯುತ್ತದೆ, ತಪ್ಪುಗಳು ಹೆಚ್ಚುತ್ತವೆ. ದಿನಕ್ಕೆ 15 ನಿಮಿಷ ಕೀಲಿ ನೋಡದೆ ನಿಧಾನವಾಗಿ ಅಭ್ಯಾಸ ಮಾಡಿದರೆ ಸಾಕು; ತುರ್ತು ಕೆಲಸವನ್ನು ಆ ಹೊತ್ತಿಗೆ ಇಟ್ಟುಕೊಳ್ಳಬಾರದು. ಮೊಣಕೈ ಮೇಜಿನ ಮಟ್ಟಕ್ಕಿರಲಿ, ಟೈಪ್ ಮಾಡುವಾಗ ಮಣಿಕಟ್ಟನ್ನು ಊರುವುದು ಬೇಡ, ಕೀಬೋರ್ಡಿನ ಹಿಂದಿನ ಪುಟ್ಟ ಕಾಲುಗಳನ್ನು ಮಡಚಿಡಿ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು ಹಿಡಿದು ರಾತ್ರಿ ಎಚ್ಚರವಾಗುವಂತಿದ್ದರೆ ಮಾತ್ರ ಅಭ್ಯಾಸ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಅದಕ್ಕೆ ಕೀಬೋರ್ಡು ಔಷಧವಲ್ಲ.

ದುಬಾರಿ ಕೀಬೋರ್ಡು ಕೊಳ್ಳಲಾಗದಿದ್ದರೂ ಚಿಂತೆಯಿಲ್ಲ, ಇದೇ ಬೆರಳಿನ ಕ್ರಮವನ್ನು ಮನೆಯಲ್ಲಿರುವ ಸಾದಾ ಕೀಬೋರ್ಡಿನಲ್ಲೂ ಕಲಿಯಬಹುದು. ಅಭ್ಯಾಸಕ್ಕೆ ಏನು ಟೈಪ್ ಮಾಡುವುದು ಎನ್ನುವವರಿಗೆ ಸಂಘದ ಕಳೆದ ವರ್ಷದ ವಾರ್ಷಿಕ ವರದಿ ಇದ್ದೇ ಇದೆ. ಒತ್ತಕ್ಷರಗಳಿಗೆ ಅದರಲ್ಲಿ ಬರವಿಲ್ಲ.