ಗಣಿತ ಗ್ರಂಥಗಳ ಪಾಠಸಂಗ್ರಹದಲ್ಲಿ ಸಂಖ್ಯಾಪದಗಳ ದಾಖಲೆ

ನೃಪತುಂಗನ ಕಾಲದ ಮಹಾವೀರಾಚಾರ್ಯರ 'ಗಣಿತಸಾರಸಂಗ್ರಹ'ವನ್ನು ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಪ್ರಕಟಿಸಿದರು. ಅವರಿಗೆ ದೊರೆತ ಪ್ರತಿಗಳಲ್ಲಿ ಕೆಲವು ಅಪೂರ್ಣ. ಇಂತಹ ಗ್ರಂಥದ ಪಾಠಾಂತರಗಳನ್ನು ಸಂಗ್ರಹಿಸುವಾಗ ಅಂಕಿಯನ್ನಷ್ಟೇ ಬರೆದುಕೊಳ್ಳುವುದು ಅಪಾಯಕರ. 'ತತ್ತ್ವ'ವು ಸಾಂಖ್ಯರ ಎಣಿಕೆಯಂತೆ 25. ಆಚಾರ್ಯರಲ್ಲಿ ಜೈನಸಮ್ಮತವಾದ 7. 'ರತ್ನ'ವು ಅನ್ಯತ್ರ 5, 9 ಅಥವಾ 14 ಆಗಬಹುದು. ಇಲ್ಲಿ ರತ್ನತ್ರಯದಿಂದ 3. ಪದವನ್ನು ಕೈಬಿಟ್ಟು 25 ಎಂದಷ್ಟೇ ಗುರುತಿಸಿಟ್ಟರೆ, ದೋಷವು ಲಿಪಿಕಾರನದೋ ಸಂಗ್ರಾಹಕನದೋ ಮುಂದಿನವರಿಗೆ ತಿಳಿಯದು. ಆದುದರಿಂದ ಪ್ರತಿಯ ಸಂಕೇತ, ಓಲೆ, ಪಂಕ್ತಿಗಳೊಡನೆ ಪದವನ್ನು ಇದ್ದಂತೆಯೇ ಬರೆದು, ಸಂಖ್ಯೆಯನ್ನು ಬೇರೆಯಾಗಿ ಕೊಡತಕ್ಕದ್ದು. ಉದಾಹರಣೆಯ ಲೆಕ್ಕವನ್ನು ಮಾಡಿ ನೋಡಿದರೆ ಯುಕ್ತಪಾಠವು ಬಹುಮಟ್ಟಿಗೆ ಗೊತ್ತಾಗುತ್ತದೆ, ಕಾವ್ಯಸಂಪಾದಕರಿಗಿಲ್ಲದ ಅನುಕೂಲವಿದು. ಆದರೆ ಲೆಕ್ಕಕ್ಕೆ ಒಪ್ಪದ ಪಾಠವನ್ನೂ ಅಳಿಸಲಾಗದು. ಪ್ರತಿಗಳ ಪರಸ್ಪರ ಸಂಬಂಧವು ಹೊಳೆಯುವುದು ಹೆಚ್ಚಾಗಿ ಅವುಗಳಲ್ಲಿ ಸಮಾನವಾಗಿರುವ ತಪ್ಪುಗಳಿಂದಲೇ.