ರಾಗಿ ಇತ್ತು, ಹಿಟ್ಟಿರಲಿಲ್ಲ

2019ರ ಆಗಸ್ಟ್, ಆಶ್ಲೇಷ ಮಳೆ. ವೈನಾಡಿನಲ್ಲಿ ಸುರಿದದ್ದೆಲ್ಲ ಕಬಿನಿಗೆ ಇಳಿದು ಅಣೆಕಟ್ಟೆಯ ಗೇಟು ಎತ್ತಿದ್ದರು. ನಂಜನಗೂಡಿನಲ್ಲಿ ಹದಿನಾರು ಕಾಲು ಮಂಟಪ ಮುಳುಗಿತ್ತು. ಮಲ್ಲನಮೂಲೆ ಮಠದ ಹತ್ತಿರ ಹೆದ್ದಾರಿಯ ಮೇಲೆ ನೀರು ಹರಿದು ಮೈಸೂರಿನ ದಾರಿ ಬಂದ್ ಆಗಿತ್ತು. ತಗಡೂರು ಕಡೆಯ ನಮ್ಮ ನೆಂಟರ ಮನೆಗೆ ನೀರೇನೂ ನುಗ್ಗಿರಲಿಲ್ಲ. ಆದರೆ ಕರೆಂಟು ಹೋಗಿ ಎರಡು ದಿನವಾಗಿತ್ತು.

ನಡುಮನೆಯಲ್ಲಿ ಮೂರು ಚೀಲ ರಾಗಿ. ಹಿಟ್ಟಿನ ಡಬ್ಬಕ್ಕೆ ಕೈ ಹಾಕಿದರೆ ತಳ ಸಿಕ್ಕಿತು. ಮಿಲ್ಲಿನವರು ಕರೆಂಟು ಬಂದರೆ ಬೀಸಿಕೊಡುತ್ತೇವೆ ಎಂದರು. ಎಂಬತ್ತು ದಾಟಿದ್ದ ಅಜ್ಜಿ, "ಹಿತ್ತಿಲಲ್ಲಿ ಬೀಸೋ ಕಲ್ಲೈತೆ, ತಕ್ಕೊಂಡ್ ಬಾ ಕನಪ್ಪ" ಅಂದರು. ಕಲ್ಲು ಇತ್ತು, ಬಚ್ಚಲ ಪಕ್ಕದಲ್ಲಿ, ಮಕಾಡೆ ಬಿದ್ದು, ಮೇಲೊಂದು ಬಕೆಟ್ ಹೊತ್ತುಕೊಂಡು. ಮೇಲಿನ ಕಲ್ಲಿನ ಗೂಟ ಯಾವಾಗಲೋ ಮುರಿದುಹೋಗಿತ್ತು. ಮಚ್ಚಿನಲ್ಲಿ ಜಾಲಿಯ ತುಂಡೊಂದನ್ನು ಕೆತ್ತಿ, ತೂತಿಗೆ ಬಟ್ಟೆ ಸುತ್ತಿ ಬಡಿದು ಕೂರಿಸಿದೆವು. ಸೊಸೆಯಂದಿರಿಬ್ಬರು ಸರದಿಯ ಮೇಲೆ ಬೀಸಿ, ಸಂಜೆ ಹೊತ್ತಿಗೆ ಆರು ಮುದ್ದೆಗೆ ಸಾಕಾಗುವಷ್ಟು ತರಿತರಿ ಹಿಟ್ಟು ಬಂತು. ಮೂರು ಚೀಲ ರಾಗಿ ಇದ್ದ ಮನೆಯಲ್ಲಿ ಆ ಹೊತ್ತು ಮಕ್ಕಳು ಹಸಿದು ಕೂತಿದ್ದವು.

ಅಂದಿನಿಂದ ಮನೆಯಲ್ಲಿ ಕಾಪಿಡುವ ಮಾತು ಬಂದಾಗಲೆಲ್ಲ ನಾನು ಮೊದಲು ಕೇಳುವುದು ಇದನ್ನೇ: ಈ ಪದಾರ್ಥ ಬಾಯಿಗೆ ಹೋಗಬೇಕಾದರೆ ಇನ್ನೇನೇನು ಬೇಕು? ರಾಗಿಗೆ ಮಿಲ್ಲು ಬೇಕು, ಮಿಲ್ಲಿಗೆ ಕರೆಂಟು. ಅಕ್ಕಿಗೆ ಒಲೆ ಮತ್ತು ನೀರು ಬೇಕು, ನೀರಿಗೆ ಬೋರ್‌ವೆಲ್ ಮೋಟಾರು, ಅದಕ್ಕೂ ಕರೆಂಟೇ. ನ್ಯಾಯಬೆಲೆ ಅಂಗಡಿಯಲ್ಲಿ ಚೀಲಗಳಿದ್ದರೂ ಬೆರಳು ಒತ್ತಿಸಿಕೊಳ್ಳುವ ಯಂತ್ರಕ್ಕೆ ಸರ್ವರ್ ಸಿಗಬೇಕು. ಈ ಕೊಂಡಿಗಳಲ್ಲಿ ಒಂದು ಕಳಚಿದರೂ ಸಾಕು, ತುಂಬಿದ ಮನೆಯೂ ಖಾಲಿಯೇ.

ನಮ್ಮ ಸೀಮೆಗೆ ಕಷ್ಟ ಎರಡು ದಿಕ್ಕಿನಿಂದ ಬಂದಿದೆ. ಒಂದು ಹೊಳೆ. 2018ರಲ್ಲೂ 2019ರಲ್ಲೂ ಕಬಿನಿ ನಂಜನಗೂಡಿನ ತಗ್ಗು ಬೀದಿಗಳಿಗೆ ನುಗ್ಗಿ, ತಿ. ನರಸೀಪುರದಲ್ಲಿ ಕಾವೇರಿಯನ್ನು ಕೂಡುವ ಕಡೆಯೂ ಭಯ ಹುಟ್ಟಿಸಿತು. ಇದಕ್ಕೆ ಮುನ್ಸೂಚನೆ ಸಿಗುತ್ತದೆ. ಅಣೆಕಟ್ಟೆಯ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 2,284 ಅಡಿ. ಪತ್ರಿಕೆಯ ಮೂಲೆಯಲ್ಲಿ ದಿನವೂ ಬರುವ ಆ ಅಂಕಿ 2,280 ದಾಟಿ, ವೈನಾಡಿನಲ್ಲಿ ಮಳೆ ಬಿಡದಿದ್ದರೆ ಗೇಟು ಏಳುವುದು ಹತ್ತಿರವಾಯಿತೆಂದು ತಿಳಿಯಬೇಕು. ಬಿಟ್ಟ ನೀರು ನಂಜನಗೂಡು ಮುಟ್ಟುವುದಕ್ಕೂ ಕೆಲವು ಗಂಟೆ ಹಿಡಿಯುತ್ತದೆ. ಇನ್ನೊಂದು ಕಷ್ಟಕ್ಕೆ ಸೂಚನೆ ಸಿಗಲಿಲ್ಲ. 2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಲಾಕ್‌ಡೌನ್ ಘೋಷಣೆಯಾಯಿತು, ನಡುರಾತ್ರಿಗೆ ಜಾರಿ. ಎರಡೇ ದಿನಕ್ಕೆ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಸೋಂಕು ಕಂಡಿತು, ಸಾವಿರಕ್ಕೂ ಹೆಚ್ಚು ಮಂದಿ ಮನೆಯೊಳಗೇ ಉಳಿಯಬೇಕಾಯಿತು. ಪೇಟೆ ಮುಚ್ಚಿತು. ಹಳ್ಳಿಹಳ್ಳಿಯ ದಾರಿಗೆ ಮುಳ್ಳು ಕಡಿದು ಹಾಕಿದರು. ಆಗ ಮನೆಯಲ್ಲಿ ಏನಿತ್ತೋ ಅದೇ ಬದುಕಿಸಿದ್ದು.

ಅಂಗಡಿ ಖಾಲಿಯಾಗುವ ಬಗೆಯನ್ನು ಒಂದು ಲೆಕ್ಕದಲ್ಲಿ ನೋಡಿ. ನೂರು ಮನೆಯ ಊರು, ಮನೆಗೆ ವಾರಕ್ಕೆ ಒಂದು ಕಿಲೋ ತೊಗರಿಬೇಳೆ. ಅಂಗಡಿಯವರು ಮೈಸೂರಿನ ಸಂತೇಪೇಟೆಯಿಂದ ವಾರಕ್ಕೊಮ್ಮೆ ಲೋಡು ತರಿಸುವವರಾದರೆ ಅವರಲ್ಲಿ ಇರುವುದು ಹೆಚ್ಚೆಂದರೆ 120 ಕಿಲೋ. ಸುದ್ದಿ ಹಬ್ಬಿದ ಸಂಜೆ ಮೂವತ್ತು ಮನೆಯವರು ತಲಾ ನಾಲ್ಕು ಕಿಲೋ ಒಯ್ದರೆ ಮುಗಿಯಿತು. ಉಳಿದ ಎಪ್ಪತ್ತು ಮನೆಗೆ ಕಾಳು ಇಲ್ಲ. ದೇಶದ ಗೋದಾಮುಗಳಲ್ಲಿ ಬೇಳೆಗೆ ಬರವಿಲ್ಲದಿದ್ದರೂ ಆ ಊರಿನಲ್ಲಿ ಬರ ಬಂದುಬಿಡುತ್ತದೆ. ಆ ಎಪ್ಪತ್ತು ಮನೆಗಳು ಯಾರವು? ಶನಿವಾರ ಬಟವಾಡೆಯಾದ ಮೇಲೆ ಅಂಗಡಿಗೆ ಹೋಗುವ ಕೂಲಿಯವರವು. ಇದು ಹಳ್ಳಿಯ ಕತೆ ಮಾತ್ರವೂ ಅಲ್ಲ. 2023ರ ಜುಲೈ 20ರಂದು ಭಾರತ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿದಾಗ ಅಮೆರಿಕದಲ್ಲಿರುವ ನಮ್ಮವರು ಇಂಡಿಯನ್ ಅಂಗಡಿಗಳ ಮುಂದೆ ಸಾಲು ನಿಂತರು. ನಿಷೇಧದ ಬಿಸಿ ತಟ್ಟುವ ಮೊದಲೇ ಸೋನಾ ಮಸೂರಿ ಚೀಲಗಳು ಮಾಯವಾದವು, ಮನೆಗೆ ಇಷ್ಟೇ ಎಂದು ಎಷ್ಟೋ ಅಂಗಡಿಯವರು ಮಿತಿ ಹಾಕಬೇಕಾಯಿತು.

ಹಾಗಾಗಿ ಕಾಪಿಡುವುದಕ್ಕೆ ಕಾಲ ಯಾವುದೆಂದರೆ, ಎಲ್ಲವೂ ಸಿಗುವ ಕಾಲ. ಇದ್ದವರು ವಾರಕ್ಕೆ ಒಂದು ಕಿಲೋ ಹೆಚ್ಚು ಕೊಂಡು ಎರಡು ತಿಂಗಳಲ್ಲಿ ಡಬ್ಬ ತುಂಬಿಕೊಂಡರೆ ಅಂಗಡಿಯವರಿಗೂ ಹೊರೆಯಾಗದು. ಕಷ್ಟ ಬಂದ ದಿನ ಅವರು ಸಾಲಿನಲ್ಲಿ ನಿಲ್ಲುವುದಿಲ್ಲ, ಇರುವುದು ಇಲ್ಲದವರಿಗೆ ದಕ್ಕುತ್ತದೆ.

ನಮ್ಮ ಹಿರಿಯರಿಗೆ ಇದು ಹೊಸದಾಗಿರಲಿಲ್ಲ. ಹಗೇವು ಎಂಬ ಮಾತು ಈಗಿನ ಮಕ್ಕಳಿಗೆ ಗೊತ್ತಿಲ್ಲ. ಗಟ್ಟಿ ನೆಲದಲ್ಲಿ ಬಾಯಿ ಕಿರಿದಾಗಿ, ಹೊಟ್ಟೆ ಅಗಲವಾಗಿ ತೋಡಿದ ಗುಂಡಿ ಅದು. ಒಳಗೋಡೆಗೆ ಹುಲ್ಲು ಒತ್ತಿ, ಚೆನ್ನಾಗಿ ಒಣಗಿದ ರಾಗಿ ಸುರಿದು, ಮೇಲೆ ಮತ್ತೆ ಹುಲ್ಲು ಹರಡಿ, ಬಾಯಿಗೆ ಚಪ್ಪಡಿ ಇಟ್ಟು ಮಣ್ಣಿನಿಂದ ಮೆತ್ತುತ್ತಿದ್ದರು. ರಾಗಿ ಅದರೊಳಗೆ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಗುಟ್ಟು ಗಾಳಿಯಲ್ಲಿದೆ. ಕಾಳೂ ಉಸಿರಾಡುತ್ತದೆ, ಅದರೊಂದಿಗೆ ಹೋದ ಹುಳವೂ ಉಸಿರಾಡುತ್ತದೆ. ಮುಚ್ಚಿದ ಗುಂಡಿಯಲ್ಲಿ ಆಮ್ಲಜನಕ ತೀರುತ್ತಾ ಬಂದು ಇಂಗಾಲದ ಡೈ ಆಕ್ಸೈಡ್ ತುಂಬಿಕೊಳ್ಳುತ್ತದೆ, ಹುಳ ಸಾಯುತ್ತದೆ. ಅದೇ ಗಾಳಿ ಮನುಷ್ಯರನ್ನೂ ಕೊಲ್ಲುತ್ತದೆ. ಹಗೇವು ತೆಗೆದ ಕೂಡಲೇ ಇಳಿದು ಸತ್ತವರಿದ್ದಾರೆ. ಬಾಯಿ ತೆಗೆದು ಸಾಕಷ್ಟು ಹೊತ್ತು ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುವುದು ರೂಢಿ. "ದೀಪ ಆರೋಯ್ತು ಅಂದ್ರೆ ಇಳೀಬ್ಯಾಡಿ" ಎಂದು ಅಜ್ಜಿ ಈಗಲೂ ಗದರಿಸುವಂತೆ ಹೇಳುತ್ತಾರೆ. ಹಳೆ ಹಗೇವು, ಗೊಬ್ಬರದ ಗುಂಡಿ, ಪಾಳುಬಾವಿ, ಯಾವುದಕ್ಕೂ ಒಬ್ಬರೇ ಇಳಿಯಬೇಡಿ. ದೀಪ ಉರಿದರೂ ಒಳಗಿನ ಗಾಳಿ ಪೂರ್ತಿ ಒಳ್ಳೆಯದೆಂಬ ಖಾತರಿಯಿಲ್ಲ.

1876ರಿಂದ 78ರವರೆಗಿನ ಬರದಲ್ಲಿ ಮೈಸೂರು ಸಂಸ್ಥಾನ ತನ್ನ ಜನಸಂಖ್ಯೆಯ ಸುಮಾರು ಐದನೇ ಒಂದು ಭಾಗವನ್ನು ಕಳೆದುಕೊಂಡಿತು. ಮಳೆ ಒಂದು ವರ್ಷ ಕೈಕೊಟ್ಟರೆ ಹಗೇವು ಕಾಯುತ್ತಿತ್ತು. ಮೇಲಿಂದ ಮೇಲೆ ಕೈಕೊಟ್ಟಾಗ ಅದೂ ಬರಿದಾಯಿತು. ಮನೆಯಲ್ಲಿ ಕಾಪಿಟ್ಟದ್ದಕ್ಕೆ ಒಂದು ಎಲ್ಲೆ ಇದೆ, ಅದನ್ನು ಮರೆಯಬಾರದು. ಅದು ಹದಿನೈದು ದಿನ, ತಿಂಗಳು ದಾಟಿಸಲು. ಅದರಾಚೆಯದು ಸರ್ಕಾರದ ಹೊಣೆ.

ಈಗ ಹಗೇವು ತೋಡುವವರಿಲ್ಲ, ತೋಡಬೇಕಾಗಿಯೂ ಇಲ್ಲ. ಗಾಳಿಯಾಡದ ದಪ್ಪ ಪ್ಲಾಸ್ಟಿಕ್ ಚೀಲ, ಮುಚ್ಚಳ ಬಿಗಿಯಾದ ಡ್ರಮ್ಮು ಅದೇ ಕೆಲಸ ಮಾಡುತ್ತವೆ. ಷರತ್ತು ಎರಡು. ಕಾಳು ಒಣಗಿರಬೇಕು: ಹಲ್ಲಿಗೆ ಇಟ್ಟು ಕಡಿದರೆ ಕಟ್ಟೆಂದು ಒಡೆಯಬೇಕು, ಮೆತ್ತಗೆ ಜಜ್ಜಿದರೆ ಇನ್ನೊಂದೆರಡು ಬಿಸಿಲು ಬೇಕು. ಡ್ರಮ್ಮು ತುಂಬಿರಬೇಕು: ಅರ್ಧ ಖಾಲಿ ಬಿಟ್ಟರೆ ಅಷ್ಟು ಗಾಳಿ ಹುಳದ ಪಾಲಿಗೆ ಉಳಿಯುತ್ತದೆ. ದಿನ ಬಳಸುವುದಕ್ಕೆ ಬೇರೆ ಡಬ್ಬ ಇಡಿ, ದೊಡ್ಡದನ್ನು ಪದೇಪದೇ ತೆಗೆಯಬೇಡಿ.

ಅವರೆ, ಅಲಸಂದೆ, ಹೆಸರುಕಾಳಿನ ಕಷ್ಟ ಬೇರೆ. ಅವಕ್ಕೆ ಬೀಳುವ ಹುಳ ಹೊಲದಲ್ಲೇ ಮೊಟ್ಟೆಯಿಟ್ಟಿರುತ್ತದೆ, ಮನೆಗೆ ನಾವೇ ಹೊತ್ತು ತರುತ್ತೇವೆ. ಕಾಳಿಗೆ ಕೆಮ್ಮಣ್ಣು ಕಟ್ಟಿ ಒಣಗಿಸುವುದು, ಸೋಸಿದ ಬೂದಿ ಬೆರೆಸುವುದು, ಒಂದಿಷ್ಟು ಹರಳೆಣ್ಣೆ ಸವರುವುದು, ಇವೆಲ್ಲ ಅದಕ್ಕೇ. ಎಣ್ಣೆ ಮೊಟ್ಟೆಯ ಉಸಿರು ಕಟ್ಟಿಸುತ್ತದೆ, ಬೂದಿ ಕಾಳಿನ ನಡುವಿನ ಸಂದು ತುಂಬಿ ಹುಳ ಓಡಾಡದಂತೆ ಮಾಡುತ್ತದೆ. ಇಡೀ ಕಾಳಿಗಿಂತ ಒಡೆದ ಬೇಳೆಗೆ ಈ ಹುಳದ ಕಾಟ ಕಡಿಮೆ. ಅಕ್ಕಿಯನ್ನು ಮಾತ್ರ ಸುಡುಬಿಸಿಲಿಗೆ ಹಾಕಬೇಡಿ, ನುಚ್ಚಾಗುತ್ತದೆ. ನೆರಳಲ್ಲಿ ಹರಡಿ, ಕೇರಿ, ಒಣಗಿದ ಬೇವಿನ ಸೊಪ್ಪಿನ ಜೊತೆ ತುಂಬಿ.

ಎಷ್ಟು ಬೇಕು? ಐದು ಜನರ ಮನೆಗೆ ಹದಿನೈದು ದಿನಕ್ಕೆ ಲೆಕ್ಕ ಹಾಕೋಣ. ತಲೆಗೆ ದಿನಕ್ಕೆ 400 ಗ್ರಾಂನಂತೆ ರಾಗಿ, ಅಕ್ಕಿ ಸೇರಿ 30 ಕಿಲೋ. ಬೇಳೆಕಾಳು ನಾಲ್ಕು ಕಿಲೋ, ಎಣ್ಣೆ ಎರಡು ಲೀಟರ್, ಉಪ್ಪು ಒಂದು ಕಿಲೋ, ಜೊತೆಗೆ ಬೆಲ್ಲ, ಹುಣಸೆಹಣ್ಣು, ಮೆಣಸಿನಕಾಯಿ. ಆ ರಾಗಿಯಲ್ಲಿ ಐದಾರು ಕಿಲೋ ಯಾವಾಗಲೂ ಹಿಟ್ಟಾಗಿಯೇ ಇರಲಿ. ಹಿಟ್ಟು ಕಾಳಿನಷ್ಟು ದಿನ ನಿಲ್ಲುವುದಿಲ್ಲ, ತಿಂಗಳೊಳಗೆ ತಿಂದು ಹೊಸದು ಬೀಸಿಸಿ. ಹೊಸದನ್ನು ಹಿಂದಕ್ಕೆ, ಹಳೆಯದನ್ನು ಮುಂದಕ್ಕೆ ಇಟ್ಟರೆ ಇಡೀ ವ್ಯವಸ್ಥೆ ತಾನಾಗಿ ನಡೆಯುತ್ತದೆ. ಮನೆಯವರು ತಿನ್ನದ ಪದಾರ್ಥವನ್ನು ಆಪತ್ತಿಗೆಂದು ತಂದಿಡುವುದು ದಂಡ.

ಒಲೆ ಹಚ್ಚದೆ ತಿನ್ನುವಂಥದ್ದೂ ಬೇಕು. ಹುರಿಹಿಟ್ಟಿನಂಥ ಜಾಣ ತಿಂಡಿ ಇನ್ನೊಂದಿಲ್ಲ. ರಾಗಿಗೆ ನೀರು ಚಿಮುಕಿಸಿ ರಾತ್ರಿ ಕಟ್ಟಿಟ್ಟು, ಬೆಳಿಗ್ಗೆ ಕಾದ ಬಾಣಲೆಯಲ್ಲಿ ಅರಳಿಸಿ, ಬೀಸಿ ಜರಡಿ ಹಿಡಿದರೆ ಆಯಿತು. ಮಜ್ಜಿಗೆಯೋ ಬೆಲ್ಲದ ನೀರೋ ಕಲಸಿದರೆ ಒಂದು ಹೊತ್ತು ಕಳೆಯುತ್ತದೆ. ಅವಲಕ್ಕಿ, ಹುರಿಗಡಲೆ, ಕಡಲೆಬೀಜ ಜೊತೆಗಿರಲಿ. ತರಕಾರಿ ಸಿಗದ ದಿನಕ್ಕೆ ಬೇಸಿಗೆಯ ಸಂಡಿಗೆ, ಬಾಳಕದ ಮೆಣಸಿನಕಾಯಿ, ಉಪ್ಪಿನಕಾಯಿ ಭರಣಿ ಇದ್ದೇ ಇವೆ.

ಹೊಳೆ ಉಕ್ಕಿದಾಗ ಮೊದಲು ಕೆಡುವುದು ಕುಡಿಯುವ ನೀರು. ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ ನಾಲ್ಕು ಲೀಟರ್ ಎಂದರೂ ಐದು ಜನರಿಗೆ ಮೂರು ದಿನಕ್ಕೆ 60 ಲೀಟರ್. ಮುಚ್ಚಳವಿರುವ ಮೂರು ದೊಡ್ಡ ಕ್ಯಾನುಗಳಲ್ಲಿ ಹಿಡಿಯುತ್ತದೆ. ತೊಳೆಯಲು, ಬಳಿಯಲು ಮಳೆ ನೀರನ್ನೇ ಹಿಡಿಯಿರಿ. ಕೆಂಪು ನೀರು ಬಂದರೆ ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ, ಬುಗ್ಗೆ ಎದ್ದು ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಬಿಟ್ಟು ಇಳಿಸಿ. ಮಕ್ಕಳಿಗೆ ಭೇದಿಯಾದರೆ ಒಂದು ಲೀಟರ್ ಕುದಿಸಿ ಆರಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಅಳತೆ ಮಟ್ಟಸವಾಗಿರಬೇಕು, ಉಪ್ಪು ಹೆಚ್ಚಾದರೆ ತೊಂದರೆ.

ಬಿಪಿ, ಶುಗರ್ ಮಾತ್ರೆಗಳು ಹದಿನೈದು ದಿನಕ್ಕಾಗುವಷ್ಟು ಮುಂಚೆಯೇ ಮನೆಯಲ್ಲಿರಲಿ, ಚೀಟಿಯ ಫೋಟೋ ಮೊಬೈಲಿನಲ್ಲೂ ಚೀಟಿ ಪ್ಲಾಸ್ಟಿಕ್ ಕವರಿನಲ್ಲೂ ಇರಲಿ. ಇನ್ಸುಲಿನ್ ಇರುವ ಮನೆಯಲ್ಲಿ ಕರೆಂಟು ಹೋದರೆ ಗಾಬರಿಯಾಗುವುದು ಬೇಡ. ಸೀಸೆಯನ್ನು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಸಣ್ಣ ಮಡಕೆಯೊಳಗಿಡಿ, ಆ ಮಡಕೆಯನ್ನು ದೊಡ್ಡದರಲ್ಲಿಟ್ಟು ನಡುವೆ ಮರಳು ತುಂಬಿ ಒದ್ದೆ ಮಾಡಿ, ಮೇಲೆ ಹಸಿ ಬಟ್ಟೆ ಹೊದಿಸಿ ನೆರಳಲ್ಲಿಡಿ. ನೀರು ಸೀಸೆಗೆ ತಾಗಬಾರದು. ನೆಟ್‌ವರ್ಕ್ ಹೋದರೆ ಫೋನ್‌ಪೇಯೂ ಇಲ್ಲ, ಹತ್ತು, ಇಪ್ಪತ್ತು, ಐವತ್ತರ ನೋಟು ಒಂದಷ್ಟು ತೆಗೆದಿಡಿ. ಸಿಲಿಂಡರ್ ತೀರಿದ ದಿನ ಬುಕ್ ಮಾಡುವ ರೂಢಿ ಬಿಡಿ. ಸೌದೆ, ತೆಂಗಿನ ಮಟ್ಟೆ, ಕರಟ ಮೃಗಶಿರ ಮಳೆಗೆ ಮುಂಚೆ ಸೂರಿನಡಿ ಸೇರಲಿ.

ದನಕರುಗಳನ್ನು ಲೆಕ್ಕಕ್ಕೆ ಸೇರಿಸದ ಪಟ್ಟಿ ನಮ್ಮ ಕಡೆಯ ಮನೆಗಳಿಗೆ ಆಗುವುದಿಲ್ಲ. ಹಸುವಿಗೆ ದಿನಕ್ಕೆ ಐದಾರು ಕಿಲೋ ಒಣಹುಲ್ಲು ಎಂದರೂ ಹದಿನೈದು ದಿನಕ್ಕೆ 75ರಿಂದ 90 ಕಿಲೋ. ಮೆದೆ ತಗ್ಗಿನಲ್ಲಿದ್ದರೆ ಬುಡ ನೆನೆದು ಬೂಷ್ಟು ಹಿಡಿಯುತ್ತದೆ, ಅಂಥ ಹುಲ್ಲು ತಿಂದ ದನ ಕಾಯಿಲೆ ಬೀಳುತ್ತದೆ. ಕಲ್ಲು ಹಾಸಿ, ಮೇಲೆ ಮರದ ತುಂಡು ಅಡ್ಡ ಹಾಕಿ ಮೆದೆ ಒಟ್ಟಿ.

ನಮ್ಮ ನೆಂಟರ ಮನೆಯಲ್ಲಿ ಈಗ ವರ್ಷಕ್ಕೆ ಎರಡು ಸಲ ಎಲ್ಲ ಡಬ್ಬ ಇಳಿಸಿ ನೋಡುತ್ತಾರೆ. ಒಮ್ಮೆ ಸಂಕ್ರಾಂತಿ ಕಳೆದು ಹೊಸ ರಾಗಿ ಒಣಗಿದ ಮೇಲೆ, ಇನ್ನೊಮ್ಮೆ ಜೂನ್ ಕೊನೆಗೆ, ಆಷಾಢದ ಗಾಳಿ ಏಳುವ ಹೊತ್ತಿಗೆ. ಬೀಸೋ ಕಲ್ಲು ಒಳಮನೆಗೆ ಬಂದಿದೆ. ಬಡಗಿಯಿಂದ ಹೊಸ ಗೂಟ ಮಾಡಿಸಿ, ಕಲ್ಲಿಗೆ ಮುಳ್ಳು ಹಾಕಿಸಿದ್ದಾರೆ. ಜೂನಿನ ಆ ದಿನ ಒಂದು ಸೇರು ರಾಗಿಯನ್ನು ಅದರಲ್ಲೇ ಬೀಸುತ್ತಾರೆ, ಮೊಮ್ಮಗಳಿಗೂ ಒಂದು ಸರದಿ ಇರುತ್ತದೆ.